ಅಡಕೆ ಹಾಳೆಯಡಿಯ ಐಸೊಪಾಡ್: ಗುರುತಿಸಿ ಸಾಕುವುದು ಹೇಗೆ?

ಮಳೆ ಹಿಡಿದ ಮೇಲೆ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಯಾವ ತೋಟಕ್ಕೆ ಹೋದರೂ ಸರಿ, ಕೊಳೆಯುತ್ತಾ ಬಿದ್ದ ಹಾಳೆಯೊಂದನ್ನು ಮಗುಚಿ ನೋಡಿ. ಬೂದು ಬಣ್ಣದ ಪುಟ್ಟ ಜೀವಿಗಳು ಬೆಳಕು ಬಿದ್ದೊಡನೆ ದಿಕ್ಕಾಪಾಲಾಗಿ ಓಡುತ್ತವೆ. ಅವೇ ಐಸೊಪಾಡ್‌ಗಳು. ಹುಳ ಅಂತ ಕರೆದರೂ ಇವು ಸಿಗಡಿ, ಏಡಿಗಳ ನೆಂಟರು. ಉಸಿರಾಡಲು ತೇವ ಬೇಕೇ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಗಿಡ ಬೆಳೆಸುವವರು ಕೊಳೆತ ಎಲೆ ತಿನ್ನಿಸಲು ಇವನ್ನು ದುಡ್ಡು ಕೊಟ್ಟು ತರಿಸುತ್ತಾರೆ. ತೋಟ ಇದ್ದವರಿಗೆ ಆ ಖರ್ಚು ಯಾಕೆ, ಅಲ್ವಾ?

ಹುಡುಕುವುದು ಸ್ವಂತ ಹಿತ್ತಿಲಲ್ಲೇ ಇರಲಿ, ಮೀಸಲು ಅರಣ್ಯದಿಂದ ತರಬೇಡಿ. ಅಡಕೆಗೆ ಮದ್ದು ಹೊಡೆದ ಜಾಗವೂ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತು ಇರುತ್ತದೆ. ಅದರ ತಾಮ್ರ ತರಗೆಲೆಯಲ್ಲಿ ಉಳಿದು, ತಿಂದ ಐಸೊಪಾಡಿನ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ಜಾಸ್ತಿಯಾದರೆ ವಿಷ. ದನದ ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿ, ತೆಂಗಿನ ಸಿಪ್ಪೆಯ ರಾಶಿ, ಮುರಕಲ್ಲಿನ ಸಂದು ಒಳ್ಳೆಯದು. ಕೈ ಹಾಕುವ ಮುಂಚೆ ಕೋಲಿನಿಂದ ಮಗುಚಿ. ಚೇಳು, ಜರಿಗಳಿಗೂ ಅದೇ ಜಾಗ ಇಷ್ಟ.

ಮೊದಲು ಕಾಲು ಎಣಿಸಿ. ಪಾರದರ್ಶಕ ಡಬ್ಬಿಗೆ ಹಾಕಿ, ಅಡಿಯಿಂದ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿದರೆ ಸಾಕು. 7 ಜೊತೆ ಇದ್ದರೆ ಐಸೊಪಾಡ್. ಆಗಷ್ಟೇ ತಾಯಿಯ ಹೊಟ್ಟೆಯಡಿಯ ಚೀಲದಿಂದ ಹೊರಬಿದ್ದ ಮರಿಗೆ 6 ಜೊತೆ ಮಾತ್ರ, ಆದ್ದರಿಂದ ದೊಡ್ಡದನ್ನೇ ಆರಿಸಿ. ಗುಂಡಗೆ ಸುತ್ತಿಕೊಳ್ಳುವುದೆಲ್ಲ ಐಸೊಪಾಡ್ ಅಲ್ಲ. ಘಟ್ಟದ ತಪ್ಪಲಲ್ಲಿ ಗೋಲಿಯಷ್ಟು ದಪ್ಪಕ್ಕೆ ಸುತ್ತಿಕೊಳ್ಳುವ ಚೋರಟೆಯೂ (ಸಹಸ್ರಪದಿ) ಉಂಟು. ಅದರ ಹೆಚ್ಚಿನ ಪಟ್ಟಿಗಳಡಿ ಎರಡೆರಡು ಜೊತೆ ಕಾಲಿರುತ್ತವೆ. ಅದನ್ನು ಸಿಕ್ಕಲ್ಲೇ ಬಿಡಿ.

ಆಮೇಲೆ ಹುಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಸುತ್ತಿಕೊಳ್ಳುತ್ತದೋ, ನೆಲಕ್ಕೆ ಅಂಟಿ ಕೂರುತ್ತದೋ, ಓಡುತ್ತದೋ? ಬಾಲದ ತುದಿಯಲ್ಲಿ ಎರಡು ಮೊನೆ ಹೊರಗೆ ಚಾಚಿವೆಯೋ, ಮೈಯ ಅಂಚಿಗೆ ಸಮವಾಗಿವೆಯೋ? ಸುತ್ತಿಕೊಳ್ಳುವವುಗಳಲ್ಲಿ ಸಾಮಾನ್ಯವಾಗಿ ಮೊನೆ ಚಾಚಿರುವುದಿಲ್ಲ. ಭೂತಗನ್ನಡಿ ಇದ್ದರೆ ಮೀಸೆಯ ತುದಿ ನೋಡಿ. ಅಲ್ಲಿ ಎರಡೇ ಗಂಟು ಇದ್ದರೆ ಒಂದು ಗುಂಪು, ಮೂರಿದ್ದರೆ ಬೇರೆ.

ಗೊಬ್ಬರದ ಗುಂಡಿಯಲ್ಲಿ ಸಿಗಬಹುದಾದ ಪೊರ್ಸೆಲಿಯೊನೈಡಿಸ್ ಪ್ರುಯಿನೋಸಸ್ ಎಂಬ ಐಸೊಪಾಡ್ ಜಾತಿ ಹೊಸಬರಿಗೆ ಹೇಳಿ ಮಾಡಿಸಿದ್ದು. ಮೀಸೆತುದಿಯಲ್ಲಿ ಎರಡು ಗಂಟು, ಬಲು ಚುರುಕು ಓಟ. ಮೈಮೇಲೆ ನೀಲಿ ಛಾಯೆಯ ನವಿರು ಪುಡಿ. ಬೆರಳು ತಾಗಿದ ಕಡೆ ಪುಡಿ ಅಳಿಸಿ ಅಡಿಯ ಕಂದು ಬಣ್ಣ ಕಾಣುತ್ತದೆ. ಉಜ್ಜಿದರೂ ಹೋಗದ ಕಡು ನೀಲಿ ಅಥವಾ ನೇರಳೆ ಹೊಳಪಿದ್ದರೆ ಚಂದ ಅಂತ ಮನೆಗೆ ತರಬೇಡಿ. ಅದು ಇರಿಡೋವೈರಸ್ ಸೋಂಕಿನ ಗುರುತಾಗಿರಬಹುದು. ಅಂಥದ್ದು ಬದುಕುವುದಿಲ್ಲ, ಉಳಿದವಕ್ಕೂ ಅಂಟಿಸುತ್ತದೆ.

ಪಕ್ಕಾ ಜಾತಿ ಹೇಳಲು ಗಂಡಿನ ಹೊಟ್ಟೆಯಡಿಯ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಸುಮ್ನೆ ಫೋಟೊ ಹೋಲಿಸಿ ಹೆಸರಿಡುವುದಕ್ಕಿಂತ ಡಬ್ಬಿಯ ಮೇಲೆ ಸಿಕ್ಕ ಜಾಗ, ತಾರೀಕು ಬರೆದಿಡಿ. ಬೇರೆ ಜಾಗದವನ್ನು ಬೆರೆಸಬೇಡಿ.

ಒಂದೇ ಬಗೆಯ ಹತ್ತು ಹನ್ನೆರಡು ಸಿಕ್ಕರೆ ಶುರು ಮಾಡಬಹುದು. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯ ಪಕ್ಕಗಳಿಗೆ ಸಣ್ಣ ತೂತು ಕೊರೆಯಿರಿ. ಮಣ್ಣು, ತೆಂಗಿನ ನಾರಿನ ಪುಡಿ ಹಾಕಿ, ಮೇಲೆ ಹಲಸಿನ ತರಗೆಲೆ, ಪುಡಿಯಾಗುವಷ್ಟು ಕೊಳೆತ ಕಟ್ಟಿಗೆ ಇಡಿ. ಒಂದು ಬದಿಗೆ ಮಾತ್ರ ನೀರು ಚಿಮುಕಿಸಿ, ಇನ್ನೊಂದು ಬದಿ ಒಣಗಿರಲಿ. ಎಲ್ಲ ಕಡೆ ಒದ್ದೆ ಮಾಡುವುದೇ ಹೆಚ್ಚಿನವರು ಕೆಡಿಸಿಕೊಳ್ಳುವ ಕಡೆ. ಸುಣ್ಣದಂಶಕ್ಕೆ ಮೊಟ್ಟೆಯ ಚಿಪ್ಪಿನ ಪುಡಿ, ಆಗಾಗ ಸೌತೆಕಾಯಿ ಚೂರು ಸಾಕು. ಮೈ ಅರ್ಧ ಬಿಳಿ, ಅರ್ಧ ಬೂದು ಕಂಡರೆ ಗಾಬರಿ ಬೇಡ. ಇವು ಪೊರೆಯನ್ನು ಎರಡು ಕಂತಿನಲ್ಲಿ ಕಳಚುತ್ತವೆ, ಹಿಂದಿನರ್ಧ ಮೊದಲು.

ಇರುವೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಡಬ್ಬಿ ಖಾಲಿಯಾಗಬಹುದು. ಅಗಲ ತಟ್ಟೆಯಲ್ಲಿ ನೀರು ತುಂಬಿ, ನಡುವೆ ಇಟ್ಟಿಗೆಯಿಟ್ಟು ಅದರ ಮೇಲೆ ಡಬ್ಬಿ ಕೂರಿಸಿ. ಡಬ್ಬಿ ಗೋಡೆಗೆ ತಾಗದಿರಲಿ.