ಫಿಲ್ಲರ್ ಚುಚ್ಚುವ ಮೊದಲು ಮುಖದ ಸ್ಕ್ಯಾನ್: ನನ್ನ ರೀತಿ

ಕಾಸರಗೋಡಿನಲ್ಲಿ ಫಿಲ್ಲರಿಗೆ (ಮುಖ ತುಂಬಿಸಲು ಚರ್ಮದಡಿ ಚುಚ್ಚುವ ವಸ್ತು) ಬರುವವರಲ್ಲಿ ಗಲ್ಫಿನಿಂದ ರಜೆಗೆ ಬಂದವರೂ ಇರುತ್ತಾರೆ. ಅಲ್ಲಿ ಮೊದಲೇ ಏನೋ ಹಾಕಿಸಿಕೊಂಡಿರುತ್ತಾರೆ. ಯಾವುದೆಂದು ಕೇಳಿದರೆ ಹೆಸರು ನೆನಪಿರುವುದಿಲ್ಲ. ಹಾಗಾಗಿ ಸಿರಿಂಜ್ ಒಡೆಯುವ ಮೊದಲೇ ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್ (ಚರ್ಮಕ್ಕೆ ತಾಗಿಸುವ ಹಿಡಿ) ಮುಖಕ್ಕೆ ಇಡುತ್ತೇನೆ: ಒಳಗೆ ಹಳೆಯದು ಏನಿದೆ, ರಕ್ತನಾಳ ಎಲ್ಲಿದೆ ಎಂದು ನೋಡಲು. ಫಿಲ್ಲರುಗಳಲ್ಲಿ ಹಯಲುರೋನಿಕ್ ಆಸಿಡ್ ಹೆಚ್ಚಾಗಿ ಕಪ್ಪು ಗುಳಿಯಂತೆ ಕಾಣುತ್ತದೆ. ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್ ಬಿಳಿ, ಕೆಳಗೆ ನೆರಳು. ಸಿಲಿಕೋನ್ ಎಣ್ಣೆಯಾದರೆ ಮಂಜು ಕವಿದ ಹಾಗೆ, ಹಿಂದೆ ಏನೂ ಕಾಣದು. ಆ ಜಾಗಕ್ಕೆ ಹೊಸದು ಹಾಕುವುದಿಲ್ಲ.

ಬೇಕಾದದ್ದು 15ರಿಂದ 22 ಮೆಗಾಹರ್ಟ್ಜ್‌ನ ಲೀನಿಯರ್ ಪ್ರೋಬ್. ಹೊಟ್ಟೆ ಸ್ಕ್ಯಾನಿನ ಪ್ರೋಬ್ ಇಲ್ಲಿ ದಂಡ. ಡೆಪ್ತ್ 2 ಸೆಂ.ಮೀ. ಸಾಕು.

ಹೆಚ್ಚಿನ ತಪ್ಪು ಯಂತ್ರದ್ದಲ್ಲ, ಕೈಯದ್ದು. ಪ್ರೋಬ್ ಒತ್ತಿದರೆ ತೆಳು ರಕ್ತನಾಳ ಮುಚ್ಚಿಕೊಳ್ಳುತ್ತದೆ, ಪರದೆಯಲ್ಲಿ 'ಇಲ್ಲಿ ನಾಳವೇ ಇಲ್ಲ' ಎಂದು ಕಾಣುತ್ತದೆ. ಜೆಲ್ ದಪ್ಪಗೆ ಹಾಕಿ, ಪ್ರೋಬ್ ಅದರ ಮೇಲೆ ತೇಲುವಂತೆ ಹಿಡಿಯಬೇಕು. ಕಿರುಬೆರಳು ಕೆನ್ನೆಗೆ ತಾಗಿರಲಿ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರಿನಲ್ಲಿ ಪಿಆರ್‌ಎಫ್ (ಸೆಕೆಂಡಿಗೆ ಎಷ್ಟು ಬಾರಿ ಅಲೆ ಕಳಿಸುವುದು) 1 ಕಿಲೋಹರ್ಟ್ಜ್‌ಗಿಂತ ಕೆಳಗೆ, ನಿಧಾನ ಹರಿವನ್ನು ಅಳಿಸುವ ವಾಲ್ ಫಿಲ್ಟರ್ ಆದಷ್ಟು ಕಡಿಮೆ. ಬಣ್ಣದ ಚುಕ್ಕಿ ಉದುರುವವರೆಗೆ ಗೇನ್ (ಸಂಕೇತದ ಬಲ) ಏರಿಸಿ, ಒಂಚೂರು ಇಳಿಸಿದರೆ ಸರಿ.

ಮುಖದ ಅಪಧಮನಿಯನ್ನು ದವಡೆಯಂಚಿನಲ್ಲಿ, ಅಗಿಯಲು ಬಳಸುವ ಮ್ಯಾಸೆಟರ್ ಸ್ನಾಯುವಿನ ಮುಂದೆ ಹಿಡಿದು ಮೇಲಕ್ಕೆ ಹೋಗುತ್ತೇನೆ. ಮೂಗಿನಿಂದ ತುಟಿಯ ಕಡೆಗಿನ ಗೆರೆಗೆ ಅದು ಕೆಲವರಲ್ಲಿ ಒಳಬದಿ, ಕೆಲವರಲ್ಲಿ ಹೊರಬದಿ, ಒಬ್ಬರದೇ ಎಡ-ಬಲವೂ ಬೇರೆ. ಪೆನ್ಸಿಲಿನಲ್ಲಿ ಗುರುತಿಸುವಾಗ ಚುಚ್ಚುವ ಭಂಗಿಯಲ್ಲೇ ಇರಿಸಬೇಕು. ಮಲಗಿಸಿ ಬರೆದು, ಕೂರಿಸಿ ಚುಚ್ಚಿದರೆ ಚರ್ಮ ಜಾರಿ ಗುರುತು ಸುಳ್ಳಾಗುತ್ತದೆ. ಆಮೇಲೆ ಜೆಲ್ ಪೂರ್ತಿ ಒರೆಸಿ ಚರ್ಮ ಶುದ್ಧ ಮಾಡಿ; ಸಾಮಾನ್ಯ ಜೆಲ್ ಸ್ಟೆರೈಲ್ (ರೋಗಾಣುರಹಿತ) ಅಲ್ಲ. ಸ್ಕ್ಯಾನ್ ನೋಡುತ್ತಲೇ ಚುಚ್ಚುವುದಾದರೆ ಸ್ಟೆರೈಲ್ ಕವರ್, ಸ್ಟೆರೈಲ್ ಜೆಲ್ ಎರಡೂ ಬೇಕು, ಸೂಜಿ ಉದ್ದಕ್ಕೆ ಕಾಣುತ್ತಿರಬೇಕು. ಪ್ರೋಬನ್ನು ಸೂಜಿಗೆ ಅಡ್ಡಕ್ಕೆ ಹಿಡಿದರೆ ಕಾಣುವುದು ಒಂದು ಚುಕ್ಕಿ ಅಷ್ಟೇ. ಅದು ತುದಿಯೋ ನಡುವೋ ತಿಳಿಯದು.

(ಮುಖಕ್ಕೆ ಮಾತ್ರ ಬಳಸಿದರೂ ಯಂತ್ರ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ನೋಂದಣಿಯಾಗಬೇಕು. ಸೌಂದರ್ಯ ಚಿಕಿತ್ಸೆಯವರಿಗೆ ಇದು ತಲೆಗೇ ಹೋಗುವುದಿಲ್ಲ.)

ಫಿಲ್ಲರಿನಿಂದ ರಕ್ತನಾಳ ಕಟ್ಟಿದರೆ ಚರ್ಮ ಬಿಳಿಚಿ, ಆಮೇಲೆ ಬಲೆಯಂತೆ ನೀಲಿಗಟ್ಟುತ್ತದೆ. ಅದುಮಿ ಬಿಟ್ಟರೆ ಬಣ್ಣ ಬೇಗ ಮರಳುವುದಿಲ್ಲ. ಹಯಲುರೋನಿಕ್ ಆಸಿಡ್ ಕರಗಿಸುವ ಹಯಲುರೊನಿಡೇಸಿನ 1500 ಯೂನಿಟ್ ವಯಲ್ ಒಂದಲ್ಲ, ಹಲವು ಕೈಗೆಟುಕುವಲ್ಲಿ ಇರಬೇಕು. ಡಾಪ್ಲರಿನಲ್ಲಿ ಹರಿವು ನಿಂತ ಜಾಗ ಹುಡುಕಿ ಫಿಲ್ಲರಿನ ಗುಳಿಗೇ ಕೊಟ್ಟರೆ ಕಡಿಮೆ ಔಷಧ ಸಾಕಾಗಬಹುದು. ಸ್ಕ್ಯಾನ್ ಬೇಗ ಆಗದಿದ್ದರೆ ಕಾಯದೆ ಬಿಳಿಚಿದ ಭಾಗಕ್ಕೆಲ್ಲ ಕೊಡಬೇಕು. ಕ್ಯಾಲ್ಸಿಯಂ ಫಿಲ್ಲರ್ ಇದರಿಂದ ಕರಗುವುದಿಲ್ಲ. ಕಣ್ಣು ಮಂಜಾಯಿತು ಅಂದರೆ ಪ್ರೋಬ್ ಬದಿಗಿಟ್ಟು ತಕ್ಷಣ ಕಣ್ಣಿನ ತಜ್ಞರಿರುವ ದೊಡ್ಡ ಆಸ್ಪತ್ರೆಗೆ. ಮಂಗಳೂರಿಗೆ ಇಲ್ಲಿಂದ ಸುಮಾರು 50 ಕಿ.ಮೀ.; ಯಾರಿಗೆ ಫೋನ್ ಮಾಡಬೇಕೆಂಬುದು ಮೊದಲೇ ಗೋಡೆಯ ಮೇಲೆ ಬರೆದಿರಬೇಕು.