ಸೈಕಲ್ ಎರಡು, ವ್ಯಾಟ್ ಲೆಕ್ಕ ಒಂದೇ: ಪವರ್ ಮೀಟರ್‌ಗಳನ್ನು ಹೊಂದಿಸಿಕೊಳ್ಳುವುದು ಹೀಗೆ

ನಂದಿ ಬೆಟ್ಟ ಹತ್ತಲು ರೋಡ್ ಬೈಕ್, ಮಣ್ಣಿನ ದಾರಿಗೆ ಎಂಟಿಬಿ (ಮೌಂಟನ್ ಬೈಕ್), ಮಳೆ ಬಂದರೆ ಮನೆಯೊಳಗೆ ಸೈಕಲ್ ಏರಿಸಿ ನಿಂತಲ್ಲೇ ತುಳಿಯುವ ಸ್ಮಾರ್ಟ್ ಟ್ರೇನರ್. ಬೆಂಗಳೂರಿನಲ್ಲಿ ಸ್ವಲ್ಪ ಸೀರಿಯಸ್ಸಾಗಿ ಸೈಕಲ್ ತುಳಿಯುವವರಿಗೆ ಇದು ಈಗ ಮಾಮೂಲು. ತಲೆನೋವು ಶುರುವಾಗುವುದು ಮೂರರಲ್ಲೂ ವ್ಯಾಟ್, ಅಂದರೆ ಪವರ್ ಮೀಟರ್ ಅಳೆಯುವ ತುಳಿತದ ಶಕ್ತಿ, ನೋಡಲು ಹೊರಟಾಗ. ಭಾನುವಾರ ಬೆಟ್ಟದಲ್ಲಿ 230 ವ್ಯಾಟ್ ಸಲೀಸಾಗಿ ಬಂದಿರುತ್ತದೆ. ಮಂಗಳವಾರ ಟ್ರೇನರ್ ಮೇಲೆ ಅದೇ 230ಕ್ಕೆ ಏದುಸಿರು. ಕಾಲು ಸೋತಿದೆಯೋ, ಮೀಟರ್ ಸುಳ್ಳು ಹೇಳುತ್ತಿದೆಯೋ?

ಎಷ್ಟೋ ಸಲ ಎರಡೂ ಇಲ್ಲ. ಎರಡು ಅಂಗಡಿಯ ತಕ್ಕಡಿಗಳು ಒಂದೇ ಅಕ್ಕಿ ಮೂಟೆಗೆ ಬೇರೆ ಬೇರೆ ತೂಕ ತೋರಿಸಿದ ಹಾಗೆ, ಅಷ್ಟೆ. ಯಾವುದು ಪಕ್ಕಾ ಸರಿ ಎಂದು ಜಗಳವಾಡುವುದಕ್ಕಿಂತ, ಒಂದನ್ನು ನಂಬಿ ಉಳಿದವು ಅದಕ್ಕಿಂತ ಎಷ್ಟು ಹೆಚ್ಚು ಕಡಿಮೆ ತೋರಿಸುತ್ತವೆ ಎಂದು ತಿಳಿದುಕೊಳ್ಳುವುದು ಮೇಲು.

ಮೊದಲು, ಮೀಟರ್ ಎಲ್ಲಿ ಕೂತಿದೆ ನೋಡಿ

ಜರ್ಮನಿಯ ಎಂಜಿನಿಯರ್ ಉಲ್ರಿಚ್ ಶೋಬರರ್ 1986ರಲ್ಲಿ ಎಸ್‌ಆರ್‌ಎಂ ಕಂಪನಿ ಶುರು ಮಾಡಿದಾಗಿನಿಂದ ಮೂಲ ತಂತ್ರ ಹೆಚ್ಚು ಬದಲಾಗಿಲ್ಲ. ನೀವು ತುಳಿದಾಗ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಆ ಬಾಗುವಿಕೆಯನ್ನು ಅಳೆಯುತ್ತದೆ. ಅದರಿಂದ ಸಿಕ್ಕ ತಿರುಚು ಬಲವನ್ನು ತುಳಿತದ ವೇಗದಿಂದ ಗುಣಿಸಿದರೆ ವ್ಯಾಟ್ ಸಿಕ್ಕಿತು.

ಆದರೆ ಅಳೆಯುವ ಜಾಗ ಬೇರೆ ಬೇರೆ. ಪೆಡಲ್ ಮೀಟರ್ ನಿಮ್ಮ ಪಾದದ ಕೆಳಗೇ ಅಳೆಯುತ್ತದೆ. ಸ್ಪೈಡರ್ ಮೀಟರ್, ಪೆಡಲ್ ಹಿಡಿದ ತೋಳು (ಕ್ರ್ಯಾಂಕ್) ಮುಂದಿನ ಹಲ್ಲುಚಕ್ರಕ್ಕೆ (ಚೈನ್‌ರಿಂಗ್) ಸೇರುವ ಕಡೆ. ಟ್ರೇನರ್ ಅಳೆಯುವುದು ಚೈನ್ ದಾಟಿದ ಮೇಲೆ. ಚೈನ್, ಗೇರ್‌ಗಳಲ್ಲಿ ಸುಮಾರು ಶೇ 2–3ರಷ್ಟು ಶಕ್ತಿ ಸೋರಿ ಹೋಗುತ್ತದೆ. ಹಾಗಾಗಿ ಪೆಡಲ್‌ಗಿಂತ ಟ್ರೇನರ್ ಸ್ವಲ್ಪ ಕಡಿಮೆ ತೋರಿಸಿದರೆ ಅದು ಸರಿಯಾಗೇ ಇದೆ. ಟ್ರೇನರ್ರೇ ಜಾಸ್ತಿ ತೋರಿಸುತ್ತಿದ್ದರೆ ಎರಡರಲ್ಲಿ ಒಂದರ ಮೇಲೆ ಅನುಮಾನ ಪಡಿ.

ಇನ್ನೊಂದು ಜಾತಿ, ಎಡಗಡೆ ಕ್ರ್ಯಾಂಕ್‌ಗೆ ಮಾತ್ರ ಕೂರುವ ಮೀಟರ್. ಬೆಲೆ ಕಡಿಮೆ, ಅದಕ್ಕೇ ಜನ ಕೊಳ್ಳುತ್ತಾರೆ. ಅದು ಎಡಗಾಲಿನ ಲೆಕ್ಕವನ್ನು ಎರಡರಿಂದ ಗುಣಿಸಿ ತೋರಿಸುತ್ತದೆ. ನಿಮ್ಮ ಎಡಗಾಲು 48, ಬಲಗಾಲು 52 ಪಾಲು ಕೆಲಸ ಮಾಡುತ್ತದೆ ಎಂದುಕೊಳ್ಳಿ. ನಿಜವಾದ 200 ವ್ಯಾಟ್‌ನಲ್ಲಿ ಎಡಗಾಲಿನದು 96. ಮೀಟರ್ ತೋರಿಸುವುದು 192. ಸುಸ್ತಾದಾಗ ಈ ಪಾಲು ಬದಲಾಗುವುದೂ ಉಂಟು. ಒಂದು ಸೈಕಲ್ ಇದ್ದವರಿಗೆ ಇದರಿಂದ ದೊಡ್ಡ ತೊಂದರೆಯಿಲ್ಲ. ಇನ್ನೊಂದರಲ್ಲಿ ಎರಡೂ ಕಾಲು ಅಳೆಯುವ ಮೀಟರ್ ಇದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ.

ಒಂದೇ ಮೀಟರ್ ಸಾಕೇ?

ನನ್ನ ಸಲಹೆ ಕೇಳಿದರೆ, ಎರಡನೇ ಮೀಟರ್‌ಗೆ ದುಡ್ಡು ಸುರಿಯುವ ಮುಂಚೆ ಒಂದು ಜೊತೆ ಪೆಡಲ್ ಮೀಟರ್ ತಗೊಂಡು ಸೈಕಲ್‌ನಿಂದ ಸೈಕಲ್‌ಗೆ ಬದಲಿಸಿ ನೋಡಿ. ಅಳೆಯುವುದು ಒಂದೇ ಮೀಟರ್ ಆದಾಗ ಹೊಂದಿಸುವ ತಾಪತ್ರಯವೇ ಇಲ್ಲ. ತೊಡಕು ಕ್ಲೀಟ್‌ನದು, ಅಂದರೆ ಶೂ ತಳದಲ್ಲಿದ್ದು ಪೆಡಲ್‌ಗೆ ಸಿಕ್ಕಿಕೊಳ್ಳುವ ತುಂಡಿನದು. ರೋಡ್ ಶೂ ಪೆಡಲ್‌ಗೆ ಎಂಟಿಬಿ ಶೂ ಕೂರುವುದಿಲ್ಲ. ಎಂಟಿಬಿ ಕ್ಲೀಟ್‌ನ ಪವರ್ ಪೆಡಲ್‌ಗಳೂ ಸಿಗುತ್ತವೆ. ಅವನ್ನೇ ತಗೊಂಡು ರೋಡ್ ಬೈಕ್‌ನಲ್ಲೂ ಎಂಟಿಬಿ ಶೂ ಹಾಕಿಕೊಂಡರೆ ಯಾರೂ ದಂಡ ಹಾಕುವುದಿಲ್ಲ.

ಬದಲಿಸುವಾಗ ಇಷ್ಟು ಗಮನಿಸಿ. ಎಡ ಪೆಡಲ್‌ನ ಥ್ರೆಡ್ ಉಲ್ಟಾ ಇರುತ್ತದೆ. ನೆನಪಿಡುವ ಸುಲಭ ದಾರಿ: ಸ್ಪ್ಯಾನರ್ ಅಥವಾ ಆಲನ್ ಕೀಯ ಹಿಡಿ ಮೇಲ್ಮುಖವಾಗಿರಲಿ. ಅದನ್ನು ಸೈಕಲ್‌ನ ಹಿಂಬದಿಗೆ ಎಳೆದರೆ ಎರಡೂ ಪೆಡಲ್ ಸಡಿಲ, ಮುಂಬದಿಗೆ ಎಳೆದರೆ ಎರಡೂ ಬಿಗಿ. ಥ್ರೆಡ್‌ಗೆ ಪ್ರತಿ ಸಲ ಚೂರು ಗ್ರೀಸ್ ಹಚ್ಚಿ. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಿಸಿ. ಅಡ್ಡಡ್ಡ ಕೂರಿಸಿ ಸ್ಪ್ಯಾನರ್ ಹಾಕಿದರೆ ಅಲ್ಯೂಮಿನಿಯಂ ಕ್ರ್ಯಾಂಕ್‌ನ ಥ್ರೆಡ್ ಹೋಯಿತು ಎಂದೇ ಲೆಕ್ಕ. ಕಂಪನಿ ಹೇಳಿದಷ್ಟೇ ಬಿಗಿ ಮಾಡಿ, ಆಮೇಲೆ ನಾಲ್ಕೈದು ಸಲ ಎದ್ದು ನಿಂತು ಜೋರಾಗಿ ತುಳಿಯಿರಿ. ಪೆಡಲ್ ತನ್ನ ಜಾಗದಲ್ಲಿ ಕೂರಲಿ. ಝೀರೋ ಮಾಡುವುದು, ಅಂದರೆ ಭಾರವೇ ಇಲ್ಲದಾಗಿನ ಸ್ಥಿತಿಯನ್ನು ಸೊನ್ನೆ ಎಂದು ಮೀಟರ್‌ಗೆ ತಿಳಿಸುವುದು, ಅದಾದ ಮೇಲೆ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಕ್ರ್ಯಾಂಕ್ ಉದ್ದ. ಪೆಡಲ್ ಮೀಟರ್‌ಗೆ ತಾನು ಎಷ್ಟು ಉದ್ದದ ಕ್ರ್ಯಾಂಕ್ ತುದಿಯಲ್ಲಿದ್ದೇನೆ ಎಂಬುದು ಗೊತ್ತಾಗುವುದಿಲ್ಲ, ನೀವೇ ಹೇಳಬೇಕು. ಒಂದು ಸೈಕಲ್‌ನಲ್ಲಿ 172.5 ಮಿ.ಮೀ., ಇನ್ನೊಂದರಲ್ಲಿ 165 ಮಿ.ಮೀ. ಇದ್ದು, ನೀವು ಬದಲಿಸಲು ಮರೆತರೆ ಶೇ 4.5ರಷ್ಟು ಸುಳ್ಳು ಲೆಕ್ಕ. ತುಳಿದದ್ದು 220 ಆದರೆ ಕಾಣುವುದು 230. ಖುಷಿಯೇನೋ ಆಗುತ್ತದೆ! ಅಳತೆ ಸಾಮಾನ್ಯವಾಗಿ ಕ್ರ್ಯಾಂಕ್‌ನ ಒಳಮುಖದಲ್ಲಿ, ಪೆಡಲ್ ತೂತಿನ ಹತ್ತಿರ ಕೆತ್ತಿರುತ್ತದೆ. ಟಾರ್ಚ್ ಹಾಕಿ ನೋಡಿ.

ಎರಡು ಮೀಟರ್ ಇದ್ದೇ ಇದ್ದರೆ

ಎಫ್‌ಟಿಪಿ (ಸುಮಾರು ಒಂದು ಗಂಟೆ ಒಂದೇ ಸಮ ತುಳಿಯಬಲ್ಲ ಗರಿಷ್ಠ ವ್ಯಾಟ್) ಟೆಸ್ಟ್ ಮಾಡುವ ಸೈಕಲ್ ಯಾವುದೋ ಅದರ ಮೀಟರ್‌ ಅನ್ನೇ ದೊಡ್ಡಣ್ಣ ಎಂದು ಇಟ್ಟುಕೊಳ್ಳಿ. ಉಳಿದವುಗಳನ್ನು ಅದರ ಜೊತೆ ಹೋಲಿಸಬೇಕು.

ಹೋಲಿಸುವುದಕ್ಕೆ ಒಂದೇ ತುಳಿತವನ್ನು ಎರಡೂ ಮೀಟರ್ ಅಳೆಯಬೇಕು. ಇವತ್ತು ಒಂದು, ನಾಳೆ ಇನ್ನೊಂದು ಅಂದರೆ ಆಗಲ್ಲ, ಕಾಲಿನ ಕಸುವು ದಿನಕ್ಕೊಂದು ಥರ ಇರುತ್ತದೆ. ಪೆಡಲ್ ಮೀಟರ್ ಇದ್ದರೆ ಸುಲಭ: ಅದನ್ನು ಕ್ರ್ಯಾಂಕ್ ಮೀಟರ್ ಇರುವ ಸೈಕಲ್‌ಗೆ ಹಾಕಿ, ಸೈಕಲ್ ಅನ್ನು ಟ್ರೇನರ್‌ಗೆ ಏರಿಸಿ. ಒಂದೇ ಸಲಕ್ಕೆ ಮೂರರ ಹೋಲಿಕೆ ಮುಗಿಯುತ್ತದೆ. ಎಲ್ಲದರಲ್ಲೂ ಕ್ರ್ಯಾಂಕ್ ಮೀಟರೇ ಇದ್ದರೆ ಒಂದೊಂದೇ ಸೈಕಲ್ ಅನ್ನು ಅದೇ ಟ್ರೇನರ್ ಮೇಲೆ ಕೂರಿಸಿ, ಟ್ರೇನರ್ ಅನ್ನು ಮಧ್ಯಸ್ಥಿಕೆಗೆ ಬಳಸಿ. ಚೈನ್ ಮಾತ್ರ ಎರಡರಲ್ಲೂ ಒಂದೇ ಥರ ಶುಚಿಯಾಗಿರಲಿ.

ಪ್ರತಿ ಮೀಟರ್‌ಗೆ ರೆಕಾರ್ಡ್ ಮಾಡಲು ಬೇರೆ ಬೇರೆ ಸಾಧನ ಬೇಕು. ಒಂದು ಸೈಕಲ್ ಕಂಪ್ಯೂಟರ್, ಒಂದು ಫೋನ್, ಗೆಳೆಯರ ಹತ್ತಿರ ಕಡ ತಂದ ಇನ್ನೊಂದು, ಹೀಗೆ. ಯಾವುದಕ್ಕೆ ಯಾವ ಮೀಟರ್ ಎಂದು ಸೆನ್ಸರ್ ನಂಬರ್ ನೋಡಿಯೇ ಜೋಡಿಸಿ, ಇಲ್ಲದಿದ್ದರೆ ಎರಡೂ ಒಂದನ್ನೇ ಹಿಡಿದುಕೊಂಡು 'ಆಹಾ, ಒಂದು ವ್ಯಾಟೂ ವ್ಯತ್ಯಾಸವಿಲ್ಲ' ಎನ್ನುವಂತಾಗುತ್ತದೆ.

ಹತ್ತು ಹದಿನೈದು ನಿಮಿಷ ವಾರ್ಮಪ್ ಮಾಡಿ. ಕೆಳಗಿಳಿದು ಮೀಟರ್‌ಗಳನ್ನು ಝೀರೋ ಮಾಡಿ. ಆಮೇಲೆ 100, 150, 200, 250 ವ್ಯಾಟ್‌ನಲ್ಲಿ ನಾಲ್ಕು ನಾಲ್ಕು ನಿಮಿಷ, ನಿಮ್ಮ ಶಕ್ತಿ ನೋಡಿಕೊಂಡು. ಪ್ರತಿ ಹಂತದ ಮೊದಲ ಒಂದು ನಿಮಿಷ ಬಿಟ್ಟು ಉಳಿದದ್ದರ ಸರಾಸರಿ ಬರೆದುಕೊಳ್ಳಿ. ಒಂದು ಹಂತವನ್ನು ನಿಧಾನ ತುಳಿತದಲ್ಲಿ, ಅಂದರೆ ನಿಮಿಷಕ್ಕೆ 60 ಸುತ್ತಿನಲ್ಲಿ, ಮತ್ತೆ ಮಾಡಿ. ಬೆಟ್ಟ ಹತ್ತುವಾಗ ತುಳಿಯುವುದು ಹೆಚ್ಚುಕಡಿಮೆ ಹಾಗೇ ಅಲ್ವಾ.

ಬಂದ ವ್ಯತ್ಯಾಸ ಶೇ 2ರ ಒಳಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ±1.5 ಶೇಕಡಾ ನಿಖರತೆಯ ಎರಡು ಮೀಟರ್‌ಗಳ ನಡುವೆ ಶೇ 3ರಷ್ಟು ಅಂತರವಿದ್ದರೂ ಎರಡೂ ಕಂಪನಿಗಳು ಹೇಳಿದ ಮಾತು ಸುಳ್ಳಾಗುವುದಿಲ್ಲ. ಎಲ್ಲ ಹಂತದಲ್ಲೂ ಒಂದೇ ಪ್ರಮಾಣದಲ್ಲಿ, ಶೇ 4 ಅಂತಿಟ್ಟುಕೊಳ್ಳಿ, ಕಡಿಮೆ ಬರುತ್ತಿದ್ದರೆ ಅದೂ ಒಳ್ಳೆಯದೇ. ಕೆಲವು ಮೀಟರ್‌ಗಳ ಆ್ಯಪ್‌ನಲ್ಲಿ ಈ ಅಂತರ ಸರಿದೂಗಿಸುವ ಸೆಟ್ಟಿಂಗ್ ಇರುತ್ತದೆ. ಇಲ್ಲದಿದ್ದರೆ ಆ ಸೈಕಲ್‌ಗೆ ಬೇರೆ ಎಫ್‌ಟಿಪಿ ಇಟ್ಟುಕೊಳ್ಳಿ: 240ರ ಜಾಗದಲ್ಲಿ 230. ಅಂತರ ಒಮ್ಮೆ ಶೇ 1, ಒಮ್ಮೆ ಶೇ 6 ಎಂದು ಕುಣಿಯುತ್ತಿದ್ದರೆ ಬ್ಯಾಟರಿ ಬದಲಿಸಿ, ಬೋಲ್ಟ್ ನೋಡಿ, ಮತ್ತೆ ಝೀರೋ ಮಾಡಿ. ಆಗಲೂ ಸರಿಹೋಗದಿದ್ದರೆ ಆ ಮೀಟರ್ ಸರ್ವಿಸ್‌ಗೆ ಹೋಗಬೇಕು.

ಶೇ 4 ಏನು ಮಹಾ ಎನ್ನಬೇಡಿ. ರಸ್ತೆಯಲ್ಲಿ ನಿಮ್ಮ ಎಫ್‌ಟಿಪಿ 240 ಬಂದಿದೆ, ಅದರ ಶೇ 95, ಅಂದರೆ 228ರಲ್ಲಿ ಟ್ರೇನರ್ ಮೇಲೆ ಇಂಟರ್ವಲ್ (ನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯುವ ಸುತ್ತುಗಳು) ಮಾಡುತ್ತೀರಿ. ಟ್ರೇನರ್ ಶೇ 4 ಕಡಿಮೆ ತೋರಿಸುತ್ತಿದ್ದರೆ ನಿಮ್ಮ ಕಾಲು ನಿಜಕ್ಕೂ ತುಳಿಯುತ್ತಿರುವುದು 237. ಮೂರನೇ ಇಂಟರ್ವಲ್‌ಗೆ ಕೈಚೆಲ್ಲುವುದು ಇದಕ್ಕೇ. ವಾರದ ದಣಿವು ಲೆಕ್ಕ ಹಾಕುವ ಟಿಎಸ್‌ಎಸ್‌ನಲ್ಲಂತೂ ತಪ್ಪು ಎರಡರಷ್ಟಾಗುತ್ತದೆ. ಆ ಸೂತ್ರದಲ್ಲಿ ಶ್ರಮದ ತೀವ್ರತೆ ವರ್ಗವಾಗಿ ಬರುವುದರಿಂದ ವ್ಯಾಟ್‌ನಲ್ಲಿ ಶೇ 5 ತಪ್ಪಿದರೆ ಅಂಕದಲ್ಲಿ ಶೇ 10 ತಪ್ಪು.

ಸೈಕಲ್‌ನಲ್ಲೇ ಮೀಟರ್ ಇದ್ದರೆ ಟ್ರೇನರ್‌ನ ಲೆಕ್ಕವನ್ನು ನೋಡಲೇಬೇಡಿ. ಟ್ರೇನರ್ ಆ್ಯಪ್‌ನಲ್ಲಿ ಪವರ್ ಎಲ್ಲಿಂದ ತೆಗೆದುಕೊಳ್ಳಬೇಕು ಎಂದು ಕೇಳುವ ಕಡೆ ಆ ಮೀಟರ್ ಆರಿಸಿ. ಟ್ರೇನರ್ ಬರೀ ಬಿಗಿ ಕೊಡುವ ಕೆಲಸ ಮಾಡಿಕೊಂಡಿರಲಿ.

ದಿನದಿನದ ಕೆಲಸ

ಬೆಳಗಿನ ಜಾವ ಮನೆಯಿಂದ ಸೈಕಲ್ ಹೊರಗೆ ತಂದ ತಕ್ಷಣ ಝೀರೋ ಮಾಡಬೇಡಿ. ಲೋಹ ಹೊರಗಿನ ಚಳಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕು. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ನಂದಿ ಬೆಟ್ಟದ ಬುಡಕ್ಕೆ ಹೋದರೂ ಅಷ್ಟೆ. ಝೀರೋ ಮಾಡುವಾಗ ಪೆಡಲ್ ಮೇಲೆ ಕಾಲಿಡಬಾರದು, ಕ್ರ್ಯಾಂಕ್ ನೆಟ್ಟಗೆ ನಿಂತಿರಬೇಕು. ಬಂದ ಅಂಕಿ ನಿನ್ನೆಯದಕ್ಕಿಂತ ತುಂಬಾ ದೂರವಿದ್ದರೆ ಇನ್ನೊಮ್ಮೆ ಮಾಡಿ.

ಸೈಕಲ್ ಕಂಪ್ಯೂಟರ್‌ನಲ್ಲಿ ಪ್ರತಿ ಮೀಟರ್‌ಗೂ ಹೆಸರು ಕೊಡಿ. 'ರೋಡ್', 'ಎಂಟಿಬಿ', 'ಟ್ರೇನರ್' ಸಾಕು. ಪಕ್ಕದಲ್ಲೇ ನಿಂತ ಇನ್ನೊಂದು ಸೈಕಲ್‌ನ ಮೀಟರ್ ಎಚ್ಚರವಾಗಿದ್ದರೆ ಕಂಪ್ಯೂಟರ್ ಅದನ್ನು ಹಿಡಿದು ಕೂರುತ್ತದೆ, ನೀವೆಷ್ಟು ತುಳಿದರೂ ಸೊನ್ನೆ. ಚೈನ್‌ರಿಂಗ್ ಬದಲಿಸಿದಾಗ, ಕ್ರ್ಯಾಂಕ್ ಬಿಚ್ಚಿ ಹಾಕಿದಾಗ, ಸೈಕಲ್ ಜೋರಾಗಿ ಬಿದ್ದಾಗ ಹೋಲಿಕೆಯ ಟೆಸ್ಟ್ ಮತ್ತೊಮ್ಮೆ ಮಾಡಿ. ಅಂಡಾಕಾರದ ಚೈನ್‌ರಿಂಗ್ ಹಾಕಿಸಿದರಂತೂ ಖಂಡಿತ ಮಾಡಿ. ಕೆಲವು ಮೀಟರ್‌ಗಳು ಅದರ ಮೇಲೆ ಜಾಸ್ತಿ ವ್ಯಾಟ್ ತೋರಿಸುತ್ತವೆ.