ಕಾರ್ಪೊರೇಟ್ ನೌಕರಿಯಲ್ಲಿ ನಾವು ನಾವಾಗಿಯೇ ಬೆಳೆಯುವ ಬಗೆ

ದಾವಣಗೆರೆ, ಹಾಸನ, ಕಲಬುರಗಿಯಂಥ ಊರುಗಳಲ್ಲಿ ಓದಿ ಬೆಂಗಳೂರಿನ ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ನೌಕರಿಗೆ ಬರುವ ತರುಣ ತರುಣಿಯರಿಗೆ ಎರಡು ಬಗೆಯ ಬುದ್ಧಿಮಾತು ಸಿಗುತ್ತದೆ. ಇಲ್ಲಿನವರಂತೆ ಮಾತು, ಉಡುಗೆ, ನಡೆ ಎಲ್ಲವನ್ನೂ ಬದಲಿಸಿಕೊಳ್ಳಬೇಕು ಎನ್ನುವವರು ಒಂದು ಕಡೆ. ಯಾರಿಗಾಗಿಯೂ ಒಂದಿಷ್ಟೂ ಬದಲಾಗಬೇಡ ಎನ್ನುವವರು ಇನ್ನೊಂದು ಕಡೆ. ಇವೆರಡನ್ನೂ ಪಕ್ಕಕ್ಕಿಟ್ಟು, ನಿಮ್ಮಲ್ಲಿ ಯಾವುದನ್ನು ಬಿಟ್ಟುಕೊಡಲಾಗದು, ಯಾವುದು ಕೇವಲ ಕಲಿಯಬೇಕಾದ ಕಸುಬು, ಯಾವುದನ್ನು ಕಚೇರಿಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ ಎಂಬುದನ್ನು ಬೇರೆಬೇರೆಯಾಗಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಗೊಂದಲಗಳಲ್ಲಿ ಬಹುಪಾಲು, ಇವನ್ನು ಒಂದರೊಳಗೊಂದು ಬೆರೆಸಿಕೊಳ್ಳುವುದರಿಂದಲೇ ಹುಟ್ಟುತ್ತವೆ.

ಮೊದಲು ಹೆಸರನ್ನು ಸರಿಪಡಿಸಿಕೊಳ್ಳಿ. ಹಳೆಯ ಮೈಸೂರು ಭಾಗದ ಅನೇಕರಿಗೆ ಅಡ್ಡಹೆಸರಿರುವುದಿಲ್ಲ. ಊರು ಮತ್ತು ತಂದೆಯ ಹೆಸರುಗಳು ಇನಿಷಿಯಲ್‌ಗಳಾಗಿರುತ್ತವೆ. ಅರ್ಜಿ ತುಂಬುವಾಗ ಇನಿಷಿಯಲ್ ಬಿಡಿಸಿ ಬರೆದರೆ ಊರಿನ ಹೆಸರು ‘ಫಸ್ಟ್ ನೇಮ್’ ಖಾನೆಗೆ ಬಿದ್ದು, ಮಂಜುನಾಥ ಎಂಬಾತನನ್ನು ವಿದೇಶದ ಸಹೋದ್ಯೋಗಿಗಳು ವರ್ಷಗಟ್ಟಲೆ ಹೊಳಲ್ಕೆರೆ ಎಂದು ಕರೆಯುವುದುಂಟು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ಮೊದಲ ಹೆಸರು ತಿಳಿದಿಲ್ಲ, ಎಂಬ ಅಕ್ಷರಗಳು ಬರುತ್ತವೆ. ಆದ್ದರಿಂದ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಯಾವುದು ಯಾವ ಖಾನೆಗೆ ಎಂದು ತೀರ್ಮಾನಿಸಿ, ಪ್ಯಾನ್ ಮತ್ತು ಬ್ಯಾಂಕ್ ಖಾತೆಯಲ್ಲೂ ಅದನ್ನೇ ಉಳಿಸಿಕೊಳ್ಳಿ. ದಾಖಲೆಯ ಹೆಸರು ಹೇಗೇ ಇರಲಿ, ಇಮೇಲ್ ಮತ್ತು ಚಾಟ್‌ನಲ್ಲಿ ಕಾಣುವ ಹೆಸರನ್ನು ಬದಲಿಸಿಕೊಡುವಂತೆ ಎಚ್‌ಆರ್ ಅಥವಾ ಐಟಿ ವಿಭಾಗವನ್ನು ಕೇಳಬಹುದು. ಲಿಂಕ್ಡ್‌ಇನ್ ಆ್ಯಪ್‌ನಲ್ಲಿ ನಿಮ್ಮ ಹೆಸರನ್ನು ನೀವೇ ಉಚ್ಚರಿಸಿ ಧ್ವನಿಮುದ್ರಿಸಿಡುವ ಅನುಕೂಲವಿದೆ. ಹೆಸರನ್ನು ಯಾರಾದರೂ ತಪ್ಪಾಗಿ ಕರೆದರೆ ಮೊದಲ ಭೇಟಿಯಲ್ಲೇ ಸೌಜನ್ಯದಿಂದ ತಿದ್ದಿ. ಆರು ತಿಂಗಳು ಸಹಿಸಿಕೊಂಡ ಮೇಲೆ ತಿದ್ದುವುದು ಇಬ್ಬರಿಗೂ ಮುಜುಗರ.

ಇಂಗ್ಲಿಷನ್ನು ಕಸುಬಿನ ಪಟ್ಟಿಗೆ ಸೇರಿಸಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ಕಲಿಯುವುದರಿಂದ ತಮ್ಮತನ ಕಳೆದುಕೊಳ್ಳುವುದಿಲ್ಲ. ಆದರೆ ತಮ್ಮ ಮಾತಿನ ಧಾಟಿಗೆ ನಾಚಿ ಬೇರೆಯವರ ಉಚ್ಚಾರಣೆಯನ್ನು ಅನುಕರಿಸಲು ಹೋದರೆ ಹೇಳಬೇಕಾದ ವಿಷಯದ ಮೇಲಿನ ಗಮನವೇ ತಪ್ಪುತ್ತದೆ. ಧಾಟಿ ನಿಮ್ಮದೇ ಇರಲಿ. ವೇಗವನ್ನು ಸ್ವಲ್ಪ ತಗ್ಗಿಸಿ, ತೀರ್ಮಾನವನ್ನು ಮೊದಲು ಹೇಳಿ, ಕಾರಣಗಳನ್ನು ಆಮೇಲೆ ಕೊಡಿ. ನಮ್ಮಲ್ಲಿ ಹಿನ್ನೆಲೆಯನ್ನೆಲ್ಲ ವಿವರಿಸಿ ಕೊನೆಗೆ ವಿಷಯಕ್ಕೆ ಬರುವುದು ಮರ್ಯಾದೆಯ ಕ್ರಮ. ಮೀಟಿಂಗಿನಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಸಭೆಯಲ್ಲಿ ಥಟ್ಟನೆ ಮಾತು ಹೊರಡದವರು ಹಿಂದಿನ ದಿನವೇ ತಮ್ಮ ಅಭಿಪ್ರಾಯವನ್ನು ಹತ್ತು ಸಾಲಿನಲ್ಲಿ ಬರೆದು ಕಳುಹಿಸಿದರೆ, ಸ್ವಭಾವವನ್ನು ಬದಲಿಸಿಕೊಳ್ಳದೆಯೇ ಚರ್ಚೆಯಲ್ಲಿ ಪಾಲ್ಗೊಂಡಂತಾಗುತ್ತದೆ. ಕನ್ನಡ ಬಲ್ಲ ಸಹೋದ್ಯೋಗಿಯೊಂದಿಗೆ ಕನ್ನಡದಲ್ಲೇ ಮಾತನಾಡಿ. ಕನ್ನಡ ಬಾರದವರು ಜೊತೆ ಸೇರಿದಾಗ ಅವರಿಗೂ ತಿಳಿಯುವ ಭಾಷೆಗೆ ಹೊರಳಿ.

ಅನುಕರಣೆಯೆಲ್ಲ ಆತ್ಮವಂಚನೆಯೆಂದು ಹೆದರಬೇಕಾಗಿಯೂ ಇಲ್ಲ. ಹರ್ಮಿನಿಯಾ ಇಬಾರಾ ಎಂಬ ವಿದ್ವಾಂಸೆ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೂಡಿಕೆ ಬ್ಯಾಂಕ್ ಮತ್ತು ಸಲಹಾ ಸಂಸ್ಥೆಗಳ ಯುವ ನೌಕರರು ಹೊಸ ಹೊಣೆಗೆ ಏರುವಾಗ ಹಿರಿಯರನ್ನು ಗಮನಿಸಿ, ಅವರ ನಡೆನುಡಿಯನ್ನು ತಾತ್ಕಾಲಿಕವಾಗಿ ತಮ್ಮದಾಗಿಸಿಕೊಂಡು ನೋಡಿ, ಒಗ್ಗಿದ್ದನ್ನು ಉಳಿಸಿಕೊಂಡು ಒಗ್ಗದ್ದನ್ನು ಬಿಡುವ ಬಗೆಯನ್ನು ವಿವರಿಸಿದ್ದಾರೆ. ಇದನ್ನು ನೀವೂ ಮಾಡಬಹುದು. ಒಬ್ಬರನ್ನೇ ಪೂರ್ತಿ ಅನುಸರಿಸದೆ, ಒಬ್ಬರಿಂದ ಗ್ರಾಹಕರಿಗೆ ‘ಆಗುವುದಿಲ್ಲ’ ಎನ್ನುವ ರೀತಿಯನ್ನು, ಇನ್ನೊಬ್ಬರಿಂದ ತಪ್ಪನ್ನು ತಂಡದ ಮುಂದಿಡುವ ರೀತಿಯನ್ನು ಕಲಿಯಿರಿ.

ವಾರ್ಷಿಕ ಮೌಲ್ಯಮಾಪನ ನಮ್ಮವರಿಗೆ ನಿಜವಾದ ಕಷ್ಟದ ಜಾಗ. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಕಲಿತು ಬೆಳೆದವರು ಸ್ವಮೌಲ್ಯಮಾಪನದ ಅರ್ಜಿಯಲ್ಲಿ ‘ತಂಡದೊಂದಿಗೆ ಕೆಲಸ ಮಾಡಿದೆ’ ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ. ಅವರ ದುಡಿಮೆ ಬೇರೆಯವರ ಲೆಕ್ಕಕ್ಕೆ ಸೇರುತ್ತದೆ. ಆ ಸಂಕೋಚ ನಿಮ್ಮ ಒಳ್ಳೆಯ ಗುಣವೇ, ಅದನ್ನು ಬಿಡಬೇಡಿ. ಹೊಗಳಿಕೆಯ ಒಂದೇ ಒಂದು ವಿಶೇಷಣವನ್ನೂ ಬಳಸದೆ, ಏನು ಕೆಟ್ಟಿತ್ತು, ನೀವು ಏನು ಮಾಡಿದಿರಿ, ಆಮೇಲೆ ಏನು ಬದಲಾಯಿತು ಎಂಬುದನ್ನು ಮಾತ್ರ ಬರೆಯಿರಿ. ‘ರಾತ್ರಿ ಕಂಪ್ಯೂಟರಿನಲ್ಲಿ ತಯಾರಾಗುವ ವರದಿ ಆರು ಗಂಟೆ ಹಿಡಿಯುತ್ತಿತ್ತು, ಅದಕ್ಕೆ ಮಾಹಿತಿ ತೆಗೆಯುವ ಕ್ವೆರಿಯನ್ನು ನಾನು ತಿದ್ದಿ ಬರೆದೆ, ಈಗ ನಲವತ್ತು ನಿಮಿಷ ಹಿಡಿಯುತ್ತದೆ’ ಎಂಬುದು ಜಂಭವಲ್ಲ, ವರದಿ. ಪ್ರತಿ ಶುಕ್ರವಾರ ಇಂಥ ಎರಡು ಸಾಲು ಬರೆದಿಟ್ಟರೆ ಮಾರ್ಚ್ ಬರುವ ಹೊತ್ತಿಗೆ ನೆನಪು ಕೆದಕಬೇಕಾಗುವುದಿಲ್ಲ.

ಊಟ, ಕುಡಿತ, ರಜೆಯ ವಿಚಾರದಲ್ಲಿ ಚಿಕ್ಕ ಉತ್ತರ ಸಾಕು. ‘ನಾನು ಕುಡಿಯುವುದಿಲ್ಲ’ ಎಂಬ ವಾಕ್ಯಕ್ಕೆ ಕಾರಣ ಸೇರಿಸಬೇಕಾಗಿಲ್ಲ. ಊರ ಜಾತ್ರೆಗೆ ಹೋಗಲು ಜ್ವರದ ನೆಪ ಹೇಳುವುದಕ್ಕಿಂತ, ಒಂದು ತಿಂಗಳು ಮೊದಲೇ ‘ನಮ್ಮೂರ ಜಾತ್ರೆ, ಎರಡು ದಿನ ಇರುವುದಿಲ್ಲ’ ಎಂದು ಬರೆದು, ನಿಮ್ಮ ಕೆಲಸವನ್ನು ನೋಡಿಕೊಳ್ಳುವವರ ಹೆಸರನ್ನೂ ತಿಳಿಸಿದರೆ ರಜೆ ಸಿಗುವ ಸಂಭವವೇ ಹೆಚ್ಚು.

ಆದರೆ ಎಲ್ಲವನ್ನೂ ತೆರೆದಿಡುವ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಈ ಮಾತನ್ನು ಒತ್ತಿ ಹೇಳಲೇಬೇಕು. ‘ನಿಮ್ಮ ಪೂರ್ತಿ ಹೆಸರೇನು, ಯಾವ ಕಡೆಯವರು’ ಎಂಬ ಪ್ರಶ್ನೆಯ ಹಿಂದೆ ಜಾತಿಯನ್ನು ತಿಳಿಯುವ ಉದ್ದೇಶವಿರುವುದು ಅನೇಕರ ನಿತ್ಯದ ಅನುಭವ. ಉತ್ತರಿಸದೆ ಮಾತು ಬದಲಿಸುವುದು ಹೇಡಿತನವಲ್ಲ, ಅದು ನಿಮ್ಮ ಹಕ್ಕು. ಲೈಂಗಿಕತೆ, ಮಾನಸಿಕ ಕಾಯಿಲೆ, ವಿಚ್ಛೇದನದಂಥ ಸಂಗತಿಗಳನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದನ್ನೂ ನೀವೇ ನಿರ್ಧರಿಸಬೇಕು. ಮೊದಲು ನಂಬಿಕೆಯ ಒಬ್ಬರಿಗೆ ಹೇಳಿ, ಆ ಮಾತು ಎಲ್ಲಿಗೆ ಹೋಗುತ್ತದೆಂದು ನೋಡಿ. ಕಾನೂನಿನ ಆಸರೆಯನ್ನೂ ತಿಳಿದಿರಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಂತೆ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಲಿಂಗತ್ವ ಅಲ್ಪಸಂಖ್ಯಾತರ (ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ) ಹಕ್ಕುಗಳ 2019ರ ಕಾಯ್ದೆ ನೇಮಕ ಮತ್ತು ಬಡ್ತಿಯಲ್ಲಿ ಅವರಿಗೆ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು.

ಇಷ್ಟೆಲ್ಲ ಮಾಡಿಯೂ, ಬಿಟ್ಟುಕೊಡಲಾಗದೆಂದು ಬರೆದಿಟ್ಟ ಸಂಗತಿಯನ್ನೇ ಕಚೇರಿ ದಿನವೂ ಕೇಳುತ್ತಿದ್ದರೆ ಬೇರೆ ಕೆಲಸ ಹುಡುಕಿ. ರಾಜೀನಾಮೆ ಕೊಟ್ಟ ಮೇಲೂ ಕೆಲಸದಲ್ಲಿರಬೇಕಾದ ನೋಟಿಸ್ ಅವಧಿ ಅನೇಕ ಕಂಪನಿಗಳಲ್ಲಿ ಮೂರು ತಿಂಗಳಿರುವುದರಿಂದ, ರಾಜೀನಾಮೆಗೆ ಮೊದಲೇ ಕೆಲವು ತಿಂಗಳ ಖರ್ಚಿಗೆ ಹಣ ಕೂಡಿಡುವುದು ಒಳ್ಳೆಯದು. ಹೊಸ ಕಡೆಯ ಸಂದರ್ಶನದಲ್ಲಿ, ಮ್ಯಾನೇಜರ್ ಮಾತಿಗೆ ತಂಡದವರು ಕೊನೆಯ ಬಾರಿ ಒಪ್ಪದಿದ್ದಾಗ ಏನಾಯಿತು ಎಂದು ಕೇಳಿ, ಉತ್ತರದಲ್ಲಿ ನಿರ್ದಿಷ್ಟ ಪ್ರಸಂಗವಿದೆಯೇ ಎಂಬುದನ್ನು ಗಮನಿಸಿ.